ಮಕ್ಕಳ ಫೋಟೋ, ಮಕ್ಕಳ ಫೋನು: ತಾರಾ ತಂದೆತಾಯಿಯರ ಮಾತುಗಳ ಸುತ್ತ ಪದೇ ಪದೇ ಕೇಳುವ ಪ್ರಶ್ನೆಗಳು

ನಟರೋ ಕ್ರಿಕೆಟಿಗರೋ ತಮ್ಮ ಮಕ್ಕಳ ಬಗ್ಗೆ ಏನಾದರೂ ಹೇಳಿದ ದಿನ ನಮ್ಮ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು. "ಅವರದ್ದು ಬಿಡಿ, ದೊಡ್ಡೋರು" ಅನ್ನುವವರು ಕೆಲವರು. "ನಾಳೆಯಿಂದ ಫೋನೇ ಕೊಡಲ್ಲ" ಅನ್ನುವವರು ಇನ್ನು ಕೆಲವರು. ನನಗೂ ಏಳನೇ ಕ್ಲಾಸಿನ ಮಗಳಿದ್ದಾಳೆ. ಎರಡು ಮಾತೂ ನನಗೆ ಸಮಾಧಾನ ಕೊಡಲಿಲ್ಲ. ಗುಂಪಿನಲ್ಲಿ, ಶಾಲೆ ಗೇಟಿನ ಹತ್ತಿರ, ನೆಂಟರ ಮನೆಯಲ್ಲಿ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆಗಳನ್ನು ಒಟ್ಟು ಮಾಡಿ, ನನಗೆ ಖಚಿತವಾಗಿ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಅಕ್ಷಯ್ ಕುಮಾರ್ ತಮ್ಮ ಮಗಳ ಬಗ್ಗೆ ಹೇಳಿದ್ದು ಏನು?

2025ರ ಅಕ್ಟೋಬರ್ 3ರಂದು ಮುಂಬೈನ ರಾಜ್ಯ ಪೊಲೀಸ್ ಕೇಂದ್ರ ಕಚೇರಿಯಲ್ಲಿ ಸೈಬರ್ ಜಾಗೃತಿ ಮಾಸದ ಉದ್ಘಾಟನೆ ಇತ್ತು. ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಕೂಡ ಇದ್ದರು. ಅಲ್ಲಿ ಅಕ್ಷಯ್ ಕುಮಾರ್ ಕೆಲವು ತಿಂಗಳ ಹಿಂದೆ ತಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಿದರು. 13 ವರ್ಷದ ಮಗಳು ಆನ್‌ಲೈನ್ ಗೇಮ್ ಆಡುತ್ತಿದ್ದಳು. ಗುರುತು ಪರಿಚಯ ಇಲ್ಲದವರ ಜೊತೆಗೂ ಆಡಬಹುದಾದಂಥ ಗೇಮು ಅದು. ಆಟದ ನಡುವೆ ಆ ಕಡೆಯಿಂದ ಒಂದು ಮೆಸೇಜು: ನೀನು ಹುಡುಗನಾ, ಹುಡುಗಿಯಾ? ಹುಡುಗಿ ಅಂತ ಇವಳು ಉತ್ತರಿಸಿದಳು. ಬೆತ್ತಲೆ ಫೋಟೋ ಕಳಿಸುತ್ತೀಯಾ ಅಂತ ಆ ಕಡೆಯವರು ಕೇಳಿದರು. ಅವಳು ಎಲ್ಲವನ್ನೂ ಆಫ್ ಮಾಡಿ ನೇರವಾಗಿ ಅಮ್ಮನ ಹತ್ತಿರ ಹೋಗಿ ಹೇಳಿದಳು.

ಏಳರಿಂದ ಹತ್ತನೇ ತರಗತಿವರೆಗಿನ ಮಕ್ಕಳಿಗೆ ವಾರಕ್ಕೊಂದು ಸೈಬರ್ ಪೀರಿಯಡ್ ಇಡಿ ಅಂತ ಅವರು ಅದೇ ವೇದಿಕೆಯಲ್ಲಿ ಮುಖ್ಯಮಂತ್ರಿಗಳನ್ನು ಕೇಳಿಕೊಂಡರು.

ಅದರಲ್ಲಿ ನಮಗೆ ಹೊಸದೇನಿದೆ? ಗುರುತಿಲ್ಲದವರ ಜೊತೆ ಮಾತಾಡಬೇಡ ಅಂತ ಎಲ್ಲರೂ ಹೇಳ್ತೀವಲ್ಲ?

ಹೇಳ್ತೀವಿ. ಆದರೆ ಆ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಸಂಗತಿ. ಆ ಹುಡುಗಿ ಅಮ್ಮನಿಗೆ ಹೇಳಿದಳು. ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳು ಹಾಗೆ ಎದ್ದು ಬಂದು ಹೇಳುತ್ತಾರೆ?

ಗುಂಪಿನ ಒಬ್ಬ ತಾಯಿ ತಮ್ಮ ಮಗನನ್ನೇ ಈ ಪ್ರಶ್ನೆ ಕೇಳಿದರಂತೆ. "ಹೇಳಿದ್ರೆ ನೀನು ಫೋನ್ ಕಿತ್ಕೊಳ್ತೀಯಲ್ಲ ಅಮ್ಮ" ಅಂದನಂತೆ ಅವನು. ಅಷ್ಟೇ ವಿಷಯ. ಮಗುವಿಗೆ ಆ ಅಪರಿಚಿತನಿಗಿಂತ ನಮ್ಮ ಭಯ ಹೆಚ್ಚು. ಅಂಥವನಿಗೂ ಇದು ಚೆನ್ನಾಗಿ ಗೊತ್ತಿರುತ್ತದೆ. ಒಂದು ಫೋಟೋ ಕೈಗೆ ಸಿಕ್ಕಿದ ಮೇಲೆ ಅವನು ಹಾಕುವ ಮೊದಲ ಬೆದರಿಕೆಯೇ "ನಿಮ್ಮಪ್ಪನಿಗೆ ಕಳಿಸ್ತೀನಿ" ಅನ್ನುವುದು. ಅಪ್ಪನಿಗೆ ಗೊತ್ತಾದರೆ ಏನೂ ಆಗುವುದಿಲ್ಲ, ಅಪ್ಪ ನನ್ನ ಕಡೆಯೇ ನಿಲ್ಲುತ್ತಾನೆ ಅನ್ನುವ ನಂಬಿಕೆ ಇರುವ ಮಗುವಿನ ಮುಂದೆ ಆ ಬೆದರಿಕೆ ನಡೆಯುವುದಿಲ್ಲ. ಈ ಪುಟದಲ್ಲಿ ಬೇರೆ ಯಾವುದನ್ನು ಮರೆತರೂ ಇದೊಂದನ್ನು ಮರೆಯಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಮಗು ಬಂದು ಹೇಳಿತು ಅಂತಿಟ್ಟುಕೊಳ್ಳಿ. ಆ ಕ್ಷಣ ಏನು ಮಾಡಬೇಕು?

ಬೈಯಬೇಡಿ. "ಆ ಗೇಮ್ ಆಡು ಅಂದೋರು ಯಾರು ನಿನಗೆ" ಅನ್ನೋ ಮಾತು ನಾಲಿಗೆ ತುದಿಗೆ ಬಂದಿರುತ್ತದೆ, ನುಂಗಿಕೊಳ್ಳಿ. "ಹೇಳಿದ್ದು ಒಳ್ಳೇದಾಯ್ತು ಕಂದ" ಅಂತ ಪಕ್ಕದಲ್ಲಿ ಕೂತುಕೊಳ್ಳಿ.

ಚಾಟ್ ಅಳಿಸಬೇಡಿ. ಅಸಹ್ಯ ಆಗಿ, ಗಾಬರಿಯಾಗಿ ಮೊದಲು ಡಿಲೀಟ್ ಮಾಡಿಬಿಡುತ್ತೇವೆ. ಪೊಲೀಸರಿಗೆ ಬೇಕಾಗುವುದು ಅದೇ. ಎದುರಿನ ಅಕೌಂಟಿನ ಯೂಸರ್‌ನೇಮ್, ಪ್ರೊಫೈಲಿನ ಲಿಂಕು, ಮೆಸೇಜು ಬಂದ ದಿನ ಮತ್ತು ಹೊತ್ತು ಬರೆದಿಟ್ಟುಕೊಂಡು, ಚಾಟಿನ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. ಮಗುವಿನ ಫೋಟೋ ಹೋಗಿಬಿಟ್ಟಿದ್ದರೆ ಅದನ್ನು ಸಾಕ್ಷಿ ಅಂತ ಅಣ್ಣನಿಗೆ, ಭಾವನಿಗೆ, ವಕೀಲರಿಗೆ ಫಾರ್ವರ್ಡ್ ಮಾಡಲೇಬೇಡಿ. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು ಮತ್ತು 10 ಲಕ್ಷ ರೂಪಾಯಿವರೆಗೆ ದಂಡ. ಫೋನನ್ನೇ ತೆಗೆದುಕೊಂಡು ಹೋಗಿ ತೋರಿಸಿ. ದುಡ್ಡು ಕೇಳುತ್ತಿದ್ದರೆ ಒಂದು ರೂಪಾಯಿಯೂ ಕೊಡಬೇಡಿ. ಕೊಟ್ಟವರನ್ನು ಮತ್ತೆ ಕೇಳುತ್ತಾರೆ.

ಸೈಬರ್ ಅಪರಾಧದ ಸಹಾಯವಾಣಿ 1930. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಇರುತ್ತದೆ, ಮಗುವೇ ಫೋನ್ ಮಾಡಬಹುದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಕ್ಕಳ ಮೇಲಿನ ಇಂಥ ಅಪರಾಧಗಳಿಗೆ ಹೆಸರು ಹೇಳದೆಯೂ ದೂರು ಕೊಡುವ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದು ಶುರುವಾದ ಸೆನ್ ಠಾಣೆಗಳಿವೆ. ಅದು ದೂರ ಅಂತಾದರೆ ಹತ್ತಿರದ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಮಾಡಿಸಬಹುದು.

"ಠಾಣೆ ಮೆಟ್ಟಿಲು ಹತ್ತಿಸಬೇಕಲ್ಲ ಮಗೂನ" ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 2012ರ ಪೋಕ್ಸೊ ಕಾಯ್ದೆಯ 24ನೇ ಕಲಂ ಇದನ್ನು ಯೋಚಿಸಿಯೇ ಬರೆದದ್ದು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ ತೆಗೆದುಕೊಳ್ಳಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿ ಇರಬಾರದು. ಇದನ್ನು ಕೇಳಿ ಪಡೆಯುವ ಹಕ್ಕು ನಿಮ್ಮದು.

ಫೋಟೋ ಹರಡುವ ಭಯ ಇದ್ದರೆ ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆ ಇದೆ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಸಂಸ್ಥೆಯೊಂದು ಅದನ್ನು ನಡೆಸುತ್ತದೆ, ನಾವೂ ಬಳಸಬಹುದು. ಫೋಟೋ ನಿಮ್ಮ ಫೋನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದರಿಂದ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ತಯಾರಾಗಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತದೆ, ಅದೇ ಚಿತ್ರ ಅಲ್ಲಿ ಕಾಣಿಸಿಕೊಂಡರೆ ಅವರು ತೆಗೆಯುತ್ತಾರೆ. ವಾಟ್ಸಾಪಿನ ಖಾಸಗಿ ಚಾಟುಗಳೊಳಗೆ ಮಾತ್ರ ಅದು ಕೆಲಸ ಮಾಡುವುದಿಲ್ಲ.

ವಿರಾಟ್ ಕೊಹ್ಲಿ, ಅನುಷ್ಕಾ ಮಗುವಿನ ಮುಖ ಯಾಕೆ ತೋರಿಸಲ್ಲ? ದೃಷ್ಟಿಗಾ?

ಕಾರಣ ಅವರೇ ಹೇಳಿದ್ದಾರೆ. ಮಗಳು ವಾಮಿಕಾ ಹುಟ್ಟಿದ್ದು 2021ರ ಜನವರಿ 11ರಂದು. ಅದೇ ವರ್ಷ ಮೇ ತಿಂಗಳಲ್ಲಿ ಅಭಿಮಾನಿಯೊಬ್ಬರ ಪ್ರಶ್ನೆಗೆ ಕೊಹ್ಲಿ ಇನ್‌ಸ್ಟಾಗ್ರಾಂನಲ್ಲಿ ಉತ್ತರ ಕೊಟ್ಟರು: ಸೋಷಿಯಲ್ ಮೀಡಿಯಾ ಅಂದರೇನು ಅಂತ ಮಗಳಿಗೆ ತಿಳಿದು, ಬೇಕೋ ಬೇಡವೋ ಅಂತ ಅವಳೇ ತೀರ್ಮಾನ ಮಾಡುವವರೆಗೆ ಅವಳನ್ನು ಅದಕ್ಕೆ ಒಡ್ಡುವುದಿಲ್ಲ ಅಂತ ನಾವಿಬ್ಬರೂ ನಿರ್ಧರಿಸಿದ್ದೇವೆ.

ಆ ನಿರ್ಧಾರ ಎಷ್ಟು ಸರಿ ಇತ್ತು ಅಂತ ಐದೇ ತಿಂಗಳಲ್ಲಿ ಗೊತ್ತಾಯಿತು. ಅಕ್ಟೋಬರ್ 24ರಂದು ಟಿ20 ವಿಶ್ವಕಪ್‌ನಲ್ಲಿ ಭಾರತ ಪಾಕಿಸ್ತಾನದ ಎದುರು ಸೋತಿತು. ಮೊಹಮ್ಮದ್ ಶಮಿಯನ್ನು ಧರ್ಮದ ಹೆಸರಲ್ಲಿ ಹೀಯಾಳಿಸುತ್ತಿದ್ದವರ ವಿರುದ್ಧ ಕೊಹ್ಲಿ ಮಾತಾಡಿದರು. ಅದರ ಬೆನ್ನಲ್ಲೇ ಇನ್ನೂ ವರ್ಷ ತುಂಬದ ಆ ಮಗುವಿಗೆ ಅತ್ಯಾಚಾರದ ಬೆದರಿಕೆ ಬಂತು. ದೆಹಲಿ ಮಹಿಳಾ ಆಯೋಗ ಪೊಲೀಸರಿಗೆ ನೋಟಿಸ್ ಕೊಟ್ಟಿತು, ಮುಂಬೈ ಪೊಲೀಸರು ಹೈದರಾಬಾದಿನಲ್ಲಿ ಒಬ್ಬನನ್ನು ಬಂಧಿಸಿದರು. ದೂರು ಕೊಟ್ಟವರೇ ಒಪ್ಪಿದ್ದರಿಂದ 2023ರಲ್ಲಿ ಬಾಂಬೆ ಹೈಕೋರ್ಟ್ ಆ ಪ್ರಕರಣವನ್ನು ರದ್ದು ಮಾಡಿತು. ಅಪ್ಪನ ಮೇಲಿನ ಸಿಟ್ಟು ತೊಟ್ಟಿಲ ಮಗುವಿನ ಮೇಲೆ ಹೋಯಿತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2022ರ ಜನವರಿ 23ರಂದು ಕೇಪ್‌ಟೌನ್‌ನಲ್ಲಿ ಏಕದಿನ ಪಂದ್ಯ. ಅರ್ಧಶತಕ ಹೊಡೆದ ಕೊಹ್ಲಿ ಬ್ಯಾಟನ್ನು ಮಗುವಿನ ಹಾಗೆ ತೂಗಿದರು. ಕ್ಯಾಮೆರಾ ಗ್ಯಾಲರಿಗೆ ತಿರುಗಿತು, ಅನುಷ್ಕಾ ಕಂಕುಳಲ್ಲಿದ್ದ ವಾಮಿಕಾ ಟಿವಿಯಲ್ಲಿ ಬಂದಳು. ಕ್ಯಾಮೆರಾ ನಮ್ಮ ಮೇಲಿದ್ದದ್ದು ಗೊತ್ತೇ ಆಗಲಿಲ್ಲ, ನಮ್ಮ ನಿಲುವೂ ಕೋರಿಕೆಯೂ ಮೊದಲಿನಂತೆಯೇ ಅಂತ ಇಬ್ಬರೂ ಮಾರನೇ ದಿನ ಬರೆದರು. ಆ ಚಿತ್ರಗಳನ್ನು ಹಂಚಿದವರಲ್ಲಿ ಹೆಚ್ಚಿನವರು ಅಭಿಮಾನಿಗಳೇ, ಪ್ರೀತಿಯಿಂದಲೇ ಹಂಚಿದವರು. ಇದು ನಾವೂ ಯೋಚಿಸಬೇಕಾದ ವಿಷಯ.

ಸ್ಟೇಡಿಯಂಗೆ, ಏರ್‌ಪೋರ್ಟಿಗೆ ಮಗೂನ ಕರ್ಕೊಂಡು ಬಂದು ಫೋಟೋ ತೆಗೀಬೇಡಿ ಅಂದರೆ ಹೇಗೆ?

ಈ ಮಾತಿಗೆ ಕ್ರಿಕೆಟಿಗ ಬುಮ್ರಾ ಅವರ ಪತ್ನಿ ಸಂಜನಾ ಗಣೇಶನ್ ಕೊಟ್ಟ ಉತ್ತರಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ. 2025ರ ಏಪ್ರಿಲ್ 27ರಂದು ವಾಂಖೆಡೆಯಲ್ಲಿ ಮುಂಬೈ, ಲಖನೌ ನಡುವೆ ಐಪಿಎಲ್ ಪಂದ್ಯ. ಜಸ್‌ಪ್ರೀತ್ ಬುಮ್ರಾ ವಿಕೆಟ್ ತೆಗೆದರು, ಗ್ಯಾಲರಿಯಲ್ಲಿ ಸಂಜನಾ ತೊಡೆ ಮೇಲೆ ಒಂದೂವರೆ ವರ್ಷದ ಮಗ ಅಂಗದ್ ಕೂತಿದ್ದ. ಅಪ್ಪ ವಿಕೆಟ್ ತೆಗೆದರೂ ಮಗು ನಗಲಿಲ್ಲ, ಸುಮ್ಮನೆ ನೋಡುತ್ತಿತ್ತು. ಅಷ್ಟಕ್ಕೇ ಜನ ಆ ಕೆಲವು ಸೆಕೆಂಡಿನ ದೃಶ್ಯ ಹಿಡಿದು ಮಗುವಿಗೆ ಖಿನ್ನತೆ, ಆಘಾತ ಅಂತೆಲ್ಲ ಬರೆದರು.

ನಮ್ಮ ಮಗ ನಿಮ್ಮ ಮನರಂಜನೆಯ ವಸ್ತುವಲ್ಲ ಅಂತ ಸಂಜನಾ ಬರೆದರು. ಕ್ಯಾಮೆರಾ ತುಂಬಿರುವ ಮೈದಾನಕ್ಕೆ ಮಗುವನ್ನು ಕರೆತಂದರೆ ಏನಾಗಬಹುದು ಅನ್ನುವುದು ನನಗೆ ಗೊತ್ತಿದೆ, ಆದರೆ ನಾವು ಹೋಗಿದ್ದು ಬುಮ್ರಾಗೆ ಬೆಂಬಲವಾಗಿ, ಬೇರೆ ಯಾವುದಕ್ಕೂ ಅಲ್ಲ ಅಂತಲೂ ಹೇಳಿದರು. ಒಂದೂವರೆ ವರ್ಷದ ಕೂಸಿನ ಬಗ್ಗೆ ಅಂಥ ದೊಡ್ಡ ದೊಡ್ಡ ಪದ ಬಳಸುವುದನ್ನು ಕಂಡು ಅವರಿಗಾದ ನೋವು ಆ ಬರಹದಲ್ಲಿ ಕಾಣುತ್ತದೆ.

ಹುಟ್ಟುಹಬ್ಬಕ್ಕೆ ಬಂದ ಮಗು ಮುಖ ಸಪ್ಪಗೆ ಮಾಡಿಕೊಂಡಿದ್ದರೆ ನಾವು ಮನೆಯಲ್ಲಿ ಏನಂತೀವಿ? "ನಿದ್ದೆ ಬಂದಿರಬೇಕು" ಅಂತೀವಿ. ಅಷ್ಟು ದಾಕ್ಷಿಣ್ಯವನ್ನು ಬೇರೆಯವರ ಮಗುವಿಗೂ ತೋರಿಸಬಹುದು. ಅಪ್ಪ ಅಮ್ಮ ಹೆಸರುವಾಸಿ ಅನ್ನುವುದಕ್ಕೆ ಮಗು ಮೈದಾನದ ಮುಖವನ್ನೇ ನೋಡಬಾರದು ಅಂದರೆ ಅದು ಮಗುವಿಗೆ ಕೊಟ್ಟ ಶಿಕ್ಷೆ.

ಆಲಿಯಾ ಭಟ್ ಮೊದಲು ಫೋಟೋ ಹಾಕಿ ಆಮೇಲೆ ತೆಗೆದರು. ಹಾಕಿದ ಮೇಲೆ ತೆಗೆದು ಏನು ಪ್ರಯೋಜನ?

ಪೂರ್ತಿ ಪ್ರಯೋಜನ ಇಲ್ಲ, ಅರ್ಧ ಇದೆ. ಆಲಿಯಾ ಮತ್ತು ರಣಬೀರ್ ಕಪೂರ್ 2023ರ ಕ್ರಿಸ್‌ಮಸ್ ದಿನ ಮಗಳು ರಾಹಾಳನ್ನು ಕ್ಯಾಮೆರಾಗಳ ಮುಂದೆ ಕರೆತಂದಿದ್ದರು. 2025ರ ಜನವರಿ 16ರಂದು ಸೈಫ್ ಅಲಿ ಖಾನ್ ಮನೆಗೆ ನುಗ್ಗಿದವನು ಅವರಿಗೆ ಚೂರಿ ಹಾಕಿದ. ಮಕ್ಕಳೂ ಆ ಮನೆಯಲ್ಲೇ ಇದ್ದರು. ಅದಾದ ಮೇಲೆ ಸೈಫ್, ಕರೀನಾ ಕಪೂರ್ ತಮ್ಮ ಮಕ್ಕಳ ಫೋಟೋ ತೆಗೆಯಬೇಡಿ ಅಂತ ಫೋಟೋಗ್ರಾಫರ್‌ಗಳನ್ನು ಕೇಳಿಕೊಂಡರು. ಮಾರ್ಚ್ ಹೊತ್ತಿಗೆ ಆಲಿಯಾ ಇನ್‌ಸ್ಟಾಗ್ರಾಂನಿಂದ ರಾಹಾಳ ಮುಖ ಕಾಣುವ ಫೋಟೋಗಳು ಮರೆಯಾಗಿದ್ದವು. ಅವರೂ ಅದೇ ಕೋರಿಕೆ ಇಟ್ಟರು.

ಹೊರಗೆ ಹೋದ ಪ್ರತಿಗಳು ಹೋದವೇ. ಆದರೆ ನಾಳೆ ಹುಡುಕುವವನಿಗೆ ನಿಮ್ಮ ಅಕೌಂಟಿನಲ್ಲೇ ಹತ್ತು ವರ್ಷದ್ದು ಸಾಲಾಗಿ ಸಿಗುವುದಿಲ್ಲ. ಮನಸ್ಸು ಬದಲಾಯಿಸಿದವರನ್ನು "ಮೊದಲು ಗೊತ್ತಿರಲಿಲ್ವಾ" ಅಂತ ಕುಟುಕುವುದನ್ನು ನೋಡಿದ್ದೇನೆ. ಗೊತ್ತಾದ ದಿನ ತಿದ್ದಿಕೊಂಡರಲ್ಲ, ಅದು ಒಳ್ಳೆಯದೇ.

ನಾವೇನು ತಾರೆಯರಾ? ನಮ್ಮ ಮಗುವಿನ ಫೋಟೋ ನೋಡೋರು ಯಾರು?

ಮೂವತ್ತು ಜನ ನೆಂಟರು ನೋಡುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಮಗಳು ಒಂದನೇ ಕ್ಲಾಸಿಗೆ ಸೇರಿದ ಬೆಳಿಗ್ಗೆ ತೆಗೆದ ಫೋಟೋ ಒಂದನ್ನು ಫೇಸ್‌ಬುಕ್ಕಿಗೆ ಹಾಕಿದ್ದೆ. ಎರಡು ಜಡೆ, ರಿಬ್ಬನ್ನು, ಅಳು ತಡೆದುಕೊಂಡ ಮುಖ. ಅಕ್ಷಯ್ ಕುಮಾರ್ ಮಾತು ಕೇಳಿದ ರಾತ್ರಿ ಆ ಫೋಟೋ ತೆರೆದು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ಕೊರಳಲ್ಲಿ ಐಡಿ ಕಾರ್ಡು. ಶಾಲೆಯ ಹೆಸರು, ತರಗತಿ, ಸೆಕ್ಷನ್, ಕೆಳಗೆ ನನ್ನದೇ ಫೋನ್ ನಂಬರು. ಹಿಂದೆ ನಮ್ಮ ಗೇಟು, ಗೇಟಿನ ಮೇಲೆ ಮನೆ ನಂಬರು. ಪಕ್ಕದಲ್ಲಿ ಶಾಲೆಯ ವ್ಯಾನು, ಅದರ ರೂಟ್ ನಂಬರು. ಫೋಟೋದ ಮೇಲೆ ನಾನು ಬರೆದದ್ದು "ನಮ್ಮ ಚಿನ್ನಿಯ ಮೊದಲ ದಿನ". ಮನೆಯವರು ಮಾತ್ರ ಕರೆಯುವ ಹೆಸರು ಅದು. ಗೇಟಿನ ಹತ್ತಿರ ನಿಂತು "ಚಿನ್ನಿ, ಅಮ್ಮ ಕಳಿಸಿದ್ದಾರೆ ಬಾ" ಅನ್ನುವುದಕ್ಕೆ ಬೇಕಾದದ್ದೆಲ್ಲ ಆ ಒಂದು ಚಿತ್ರದಲ್ಲಿತ್ತು. ಸೆಟ್ಟಿಂಗು ಪಬ್ಲಿಕ್. ಆರು ವರ್ಷ ಹಾಗೇ ಇತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತಾರೆಯರ ಸುತ್ತ ಬಾಡಿಗಾರ್ಡ್ ಇರುತ್ತಾರೆ, ವಕೀಲರು, ಮ್ಯಾನೇಜರು ಇರುತ್ತಾರೆ. ನಮ್ಮ ಮಗು ವ್ಯಾನಿಳಿದು ಗಲ್ಲಿಯಲ್ಲಿ ಒಬ್ಬಳೇ ನಡೆದು ಬರುತ್ತದೆ. ಹಾಗಾಗಿ ಈ ಎಚ್ಚರ ಅವರಿಗಿಂತ ನಮಗೇ ಜಾಸ್ತಿ ಬೇಕು ಅನ್ನುವುದು ನನ್ನ ಅಭಿಪ್ರಾಯ. ಯೂನಿಫಾರ್ಮ್, ಐಡಿ ಕಾರ್ಡ್, ಮನೆಯ ಮುಂಭಾಗ, ದಿನಾ ಹೋಗುವ ಡ್ಯಾನ್ಸ್ ಕ್ಲಾಸಿನ ಬೋರ್ಡು, ಮಗು ಸ್ನಾನ ಮಾಡುವ ಚಿತ್ರ, ಇವು ಯಾವ ಕಾರಣಕ್ಕೂ ಬೇಡ. ಟೂರಿನ ಫೋಟೋಗಳನ್ನು ಮನೆಗೆ ಬಂದ ಮೇಲೆ ಹಾಕಿದರೆ ಏನೂ ಕಳೆದುಹೋಗುವುದಿಲ್ಲ.

ಅತ್ತೆ, ಮಾವ, ದೊಡ್ಡಪ್ಪ ಎಲ್ಲರೂ ಸ್ಟೇಟಸ್‌ಗೆ ಹಾಕ್ತಾರೆ. ಬೇಡ ಅಂದರೆ ಬೇಜಾರು ಮಾಡ್ಕೊಳ್ತಾರೆ.

ನಮ್ಮತ್ತೆಗೆ ನಾನು ಪ್ರೈವೆಸಿ, ಸೆಟ್ಟಿಂಗ್ ಅಂತೆಲ್ಲ ವಿವರಿಸಲು ಹೋಗಿ ಸೋತೆ. "ಮೊಮ್ಮಗಳ ಫೋಟೋ ಹಾಕೋದಕ್ಕೂ ಕೇಳಬೇಕಾ" ಅಂತ ಮುಖ ಸಣ್ಣದು ಮಾಡಿಕೊಂಡರು. ಒಂದು ದಿನ "ಅತ್ತೆ, ಗುರುತಿಲ್ಲದವರ ಕಣ್ಣೆಲ್ಲ ಮಗು ಮೇಲೆ ಬೀಳುತ್ತೆ" ಅಂದೆ. ತಕ್ಷಣ ಅರ್ಥವಾಯಿತು. ಇದೇ ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟು, ತೇರಿಗೆ ಹೋಗಿ ಬಂದರೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದವರು ಅವರು. ಈಗ ಫೋಟೋ ಹಾಕುವ ಮುಂಚೆ ನನ್ನನ್ನಲ್ಲ, ಮೊಮ್ಮಗಳನ್ನೇ ಕೇಳುತ್ತಾರೆ. ಹಿರಿಯರಿಗೆ ತಾವು ನಂಬುವ ಮಾತಿನಲ್ಲೇ ಹೇಳಿದರೆ ಬೇಜಾರಿಲ್ಲದೆ ಒಪ್ಪುತ್ತಾರೆ.

ಕೋರ್ಟು ತಾರೆಯರ ಮಕ್ಕಳಿಗೆ ಮಾತ್ರ ರಕ್ಷಣೆ ಕೊಡುತ್ತಾ?

ಇಲ್ಲ. ಇದನ್ನು ಕೋರ್ಟೇ ಹೇಳಿದೆ. 2023ರಲ್ಲಿ ಆರಾಧ್ಯಾ ಬಚ್ಚನ್‌ಗೆ 11 ವರ್ಷ. ಅವಳ ಆರೋಗ್ಯ ಗಂಭೀರ, ತೀರಿಕೊಂಡಳು ಅಂತೆಲ್ಲ ಸುಳ್ಳು ವಿಡಿಯೋಗಳನ್ನು ಕೆಲವು ಯೂಟ್ಯೂಬ್ ಚಾನೆಲ್‌ಗಳು ಹಾಕಿದ್ದವು. ತಂದೆಯ ಮೂಲಕ ಅವಳು ದೆಹಲಿ ಹೈಕೋರ್ಟಿಗೆ ಹೋದಳು. ಏಪ್ರಿಲ್ 20ರಂದು ನ್ಯಾಯಮೂರ್ತಿ ಸಿ. ಹರಿಶಂಕರ್ ಆ ವಿಡಿಯೋಗಳನ್ನು ತೆಗೆಯಲು ಗೂಗಲ್‌ಗೆ ಆದೇಶ ಕೊಟ್ಟರು. ಪ್ರತಿ ಮಗುವಿಗೂ, ಅದು ಹೆಸರಾಂತರ ಮಗುವಾಗಲಿ ಸಾಮಾನ್ಯರ ಮಗುವಾಗಲಿ, ಗೌರವದಿಂದ ಬಾಳುವ ಹಕ್ಕಿದೆ, ಮಗುವಿನ ಆರೋಗ್ಯದ ಬಗ್ಗೆ ಸುಳ್ಳು ಹಬ್ಬಿಸುವುದನ್ನು ಕಾನೂನು ಸಹಿಸುವುದಿಲ್ಲ ಅನ್ನುವುದು ಅವರ ಮಾತಿನ ತಿರುಳು.

ಪ್ರತಿಯೊಬ್ಬರೂ ಹೈಕೋರ್ಟಿಗೆ ಹೋಗಲು ಆಗುವುದಿಲ್ಲ ಅನ್ನುವುದು ನಿಜ. ಅದಕ್ಕೇ ಕಂಪನಿಯ ದೂರು ಅಧಿಕಾರಿಯ ದಾರಿ ಗೊತ್ತಿರಬೇಕು. 2021ರ ಐಟಿ ನಿಯಮಗಳು ಪ್ರತಿ ದೊಡ್ಡ ಆ್ಯಪಿಗೂ ಭಾರತದಲ್ಲೇ ಅಂಥ ಅಧಿಕಾರಿ ಇರಬೇಕು ಅಂದವು. ಬೆತ್ತಲೆ ಚಿತ್ರ, ನಕಲಿ ಮುಖದ ಚಿತ್ರಗಳ ದೂರು ಬಂದರೆ 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು ಅಂತ ಆಗ ಗಡುವನ್ನೂ ಹಾಕಿದವು. 2026ರ ಫೆಬ್ರವರಿಯಲ್ಲಿ ಆ ಗಡುವನ್ನು 2 ಗಂಟೆಗೆ ಇಳಿಸಿದರು.

ಅಶ್ಲೀಲ ಚಿತ್ರವನ್ನು ಹಂಚದೆ ಸುಮ್ಮನೆ ನೋಡಿದರೆ, ಫೋನಲ್ಲಿಟ್ಟುಕೊಂಡರೆ ತಪ್ಪಾ?

ಮಕ್ಕಳ ಲೈಂಗಿಕ ಶೋಷಣೆಯ ಚಿತ್ರವಾದರೆ ತಪ್ಪು. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಯಾವುದಾದರೂ ಗುಂಪಿನಲ್ಲಿ ಬಂದರೆ ಅಲ್ಲೇ ದೂರು ಕೊಡಿ.

ನಾನು ಹಾಕಿದ ಫೋಟೋ ಬೇಡ ಅಂತ ಮಗಳೇ ಜಗಳ ಮಾಡ್ತಾಳೆ. ಅಮ್ಮನಿಗೆ ಅಷ್ಟೂ ಹಕ್ಕಿಲ್ವಾ?

2019ರಲ್ಲಿ ಹಾಲಿವುಡ್ ನಟಿ ಗ್ವಿನೆತ್ ಪಾಲ್ಟ್ರೋಗೂ ಇದೇ ಆಯಿತು. 14 ವರ್ಷದ ಮಗಳು ಆ್ಯಪಲ್ ಜೊತೆ ಹಿಮದಲ್ಲಿ ಸ್ಕೀ ಆಡಲು ಹೋದಾಗಿನ ಸೆಲ್ಫಿ ಹಾಕಿದರು. ಮಗಳು ಅಲ್ಲೇ ಕಾಮೆಂಟ್ ಮಾಡಿದಳು: ಅಮ್ಮ, ಈ ವಿಷಯ ಮಾತಾಡಿಯಾಗಿದೆ, ನನ್ನ ಒಪ್ಪಿಗೆ ಇಲ್ಲದೆ ಏನೂ ಹಾಕುವಂತಿಲ್ಲ. ನಿನ್ನ ಮುಖ ಕೂಡ ಕಾಣ್ತಿಲ್ಲವಲ್ಲ ಅಂತ ಅಮ್ಮ ಉತ್ತರಿಸಿದರು. ಅವಳ ಮುಖದ ಮೇಲೆ ದೊಡ್ಡ ಕನ್ನಡಕ ಇತ್ತು.

ನಾನು ಮಗಳ ಪಕ್ಷ. ಒಪ್ಪಿಗೆ ಕೇಳಬೇಕು ಅನ್ನುವುದನ್ನು ಮಗು ಮೊದಲು ಕಲಿಯುವುದು ನಮ್ಮಿಂದ. ಅಮ್ಮ ತನ್ನ ಫೋಟೋಗೆ ತನ್ನನ್ನು ಕೇಳಿದಳು ಅಂದರೆ, ನಾಳೆ ಯಾರೋ ಫೋಟೋ ಕೇಳಿದಾಗ "ಇಲ್ಲ" ಅನ್ನಬಹುದು ಅಂತ ಅದಕ್ಕೆ ಗೊತ್ತಿರುತ್ತದೆ. ನನ್ನ ಮಗಳನ್ನು ಈಗ ಕೇಳುತ್ತೇನೆ. ಹತ್ತರಲ್ಲಿ ಏಳಕ್ಕೆ ಬೇಡ ಅನ್ನುತ್ತಾಳೆ. ಅವು ನನ್ನ ಫೋನಿನಲ್ಲೇ ಇವೆ, ನನಗೆ ಬೇಕಾದಾಗ ನೋಡಿಕೊಳ್ಳುತ್ತೇನೆ.

ಕನ್ನಡದ ಕಡೆಯವರು ಯಾರಾದರೂ ಹೀಗೆ ಮಾಡ್ತಾರಾ?

ನಮ್ಮ ಕೆ.ಎಲ್. ರಾಹುಲ್ ಇದ್ದಾರಲ್ಲ. ಅವರ ಮತ್ತು ಆತಿಯಾ ಶೆಟ್ಟಿಯ ಮಗಳು ಇವಾರಾ 2025ರ ಮಾರ್ಚ್ 24ರಂದು ಹುಟ್ಟಿದಳು. ಮುಂದಿನ ತಿಂಗಳು, ರಾಹುಲ್ ಹುಟ್ಟುಹಬ್ಬದ ದಿನ ಹೆಸರು ತಿಳಿಸಿದರು, ಮುಖ ಕಾಣದ ಹಾಗೆ ಫೋಟೋ ಹಾಕಿದರು. ಬೆಂಗಳೂರಲ್ಲಿ ಬೆಳೆದ ದೀಪಿಕಾ ಪಡುಕೋಣೆ 2024ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮಗಳು ದುವಾಳ ಮುಖವನ್ನು ತೋರಿಸಿದ್ದು 2025ರ ದೀಪಾವಳಿಗೆ. ಎರಡೂ ದಾರಿ ಸರಿ. ಯಾವಾಗ ತೋರಿಸಬೇಕು ಅಂತ ಹೆತ್ತವರು ನಿರ್ಧರಿಸಿದರು ಅನ್ನುವುದು ಮುಖ್ಯ.

ಹೊರದೇಶದ ತಾರೆಯರು ಮಾತಾಡಿದ್ದರಿಂದ ಏನಾದರೂ ಬದಲಾಗಿದೆಯಾ?

ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಬದಲಾಯಿತು. 2013ರಲ್ಲಿ ನಟಿಯರಾದ ಹ್ಯಾಲಿ ಬೆರ್ರಿ, ಜೆನಿಫರ್ ಗಾರ್ನರ್ ಇಬ್ಬರೂ ಶಾಸನಸಭೆಯ ಸಮಿತಿ ಮುಂದೆ ಕೂತು ಸಾಕ್ಷ್ಯ ಹೇಳಿದರು. ಮಕ್ಕಳ ಬೆನ್ನು ಹತ್ತುವ ಫೋಟೋಗ್ರಾಫರ್‌ಗಳ ಗುಂಪಿನ ನಡುವೆ ಅಪಾಯಕಾರಿ ಮನುಷ್ಯರೂ ಸೇರಿಕೊಂಡು ಹತ್ತಿರ ಬರಬಹುದು ಅನ್ನುವುದು ಗಾರ್ನರ್ ಅವರ ಭಯವಾಗಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ತಂದೆತಾಯಿಯ ಕೆಲಸದ ಕಾರಣಕ್ಕೆ ಮಗುವನ್ನು ಕಾಡಿ ಫೋಟೋ ತೆಗೆದರೆ ಒಂದು ವರ್ಷದವರೆಗೆ ಜೈಲು, ಮೊದಲ ಸಲಕ್ಕೆ 10,000 ಡಾಲರ್‌ವರೆಗೆ ದಂಡ.

ಬ್ರಿಟನ್ನಿನ ನಟಿ ಕೇಟ್ ವಿನ್ಸ್ಲೆಟ್ ಒಂದು ಟಿವಿ ಚಿತ್ರದಲ್ಲಿ ಫೋನಿನೊಳಗೆ ಮುಳುಗುತ್ತಿರುವ ಹದಿಹರೆಯದ ಮಗಳ ತಾಯಿಯ ಪಾತ್ರ ಮಾಡಿದ್ದರು, ಮಗಳ ಪಾತ್ರಕ್ಕೆ ಸ್ವಂತ ಮಗಳೇ ಇದ್ದಳು. 2023ರ ಮೇ ತಿಂಗಳಲ್ಲಿ ಅದಕ್ಕೆ ಬಾಫ್ಟಾ ಪ್ರಶಸ್ತಿ ಬಂದಾಗ, ಆನ್‌ಲೈನಿನಲ್ಲಿ ಮಕ್ಕಳಿಗೆ ಹಾನಿ ಮಾಡುವ ವಿಷಯ ಹಾಕುವುದು ಅಪರಾಧ ಅಂತ ಕಾನೂನು ಮಾಡಿ ಅಂತ ಅಧಿಕಾರದಲ್ಲಿ ಇರುವವರಿಗೆ ವೇದಿಕೆಯಿಂದಲೇ ಬೇಡಿಕೊಂಡರು.

ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮತ್ತು ಅವರ ಪತ್ನಿ ಮೇಘನ್ 2024ರಲ್ಲಿ, ಆನ್‌ಲೈನ್ ಹಾನಿಗೆ ಮಕ್ಕಳು ಸಿಕ್ಕಿಕೊಂಡ ತಂದೆತಾಯಿಯರಿಗಾಗಿ ಒಂದು ಜಾಲ ಶುರು ಮಾಡಿದರು. ಮಕ್ಕಳನ್ನೇ ಕಳೆದುಕೊಂಡವರೂ ಅದರಲ್ಲಿದ್ದಾರೆ. 2025ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಫೋನಿನ ಆಕಾರದ 50 ದೀಪದ ಪೆಟ್ಟಿಗೆಗಳನ್ನು ನಿಲ್ಲಿಸಿದ್ದರು, ಒಂದೊಂದರಲ್ಲೂ ತೀರಿಹೋದ ಒಂದೊಂದು ಮಗುವಿನ ಫೋಟೋ. ಮಗು ಮನೆಯಲ್ಲಿದೆ ಅಂದರೆ ಕ್ಷೇಮವಾಗಿದೆ ಅನ್ನುವ ಕಾಲ ಹೋಯಿತು, ಪಕ್ಕದ ಕೋಣೆಯಲ್ಲಿದ್ದರೂ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ ಅನ್ನುವ ಅರ್ಥದ ಮಾತನ್ನು ಹ್ಯಾರಿ ಆಡಿದ್ದರು. ಅಕ್ಷಯ್ ಕುಮಾರ್ ಮಗಳು ಆಡುತ್ತಿದ್ದದ್ದೂ ಮನೆಯಲ್ಲೇ.

ಇದೆಲ್ಲ ಯಾಕೆ, ಫೋನೇ ಬೇಡ ಅಂದರೆ ಮುಗೀತಲ್ಲ?

ಆಸ್ಟ್ರೇಲಿಯಾ ಆ ದಾರಿ ಹಿಡಿದಿದೆ. 2025ರ ಡಿಸೆಂಬರ್ 10ರಿಂದ ಅಲ್ಲಿ 16 ವರ್ಷದ ಒಳಗಿನವರಿಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮುಂತಾದವುಗಳಲ್ಲಿ ಅಕೌಂಟ್ ಇರುವಂತಿಲ್ಲ. ತಪ್ಪಿದರೆ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ, ಮಗುವಿಗಾಗಲಿ ಹೆತ್ತವರಿಗಾಗಲಿ ಇಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಮೇಲ್ಮನವಿ ನಡೆಯುವಾಗ, ಶಾಲೆಗೆ ಹೋಗುವ ಮಕ್ಕಳಿಗೆ ಸೋಷಿಯಲ್ ಮೀಡಿಯಾ ನಿಷೇಧಿಸಿದರೇ ಒಳ್ಳೆಯದು ಅನ್ನುವ ಮಾತು ಪೀಠದಿಂದ ಬಂದಿತ್ತು. ಅದು ಬಾಯಿಮಾತು, ಆದೇಶವಲ್ಲ.

ದೇಶದ ಮಟ್ಟದಲ್ಲಿ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಇದೆ. 18 ವರ್ಷದ ಒಳಗಿನವರ ಮಾಹಿತಿ ಬಳಸಲು ಹೆತ್ತವರ ಖಚಿತ ಒಪ್ಪಿಗೆ ಬೇಕು, ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸುವಂತಿಲ್ಲ, ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಪೂರ್ತಿ ಜಾರಿಗೆ ಬರಲು ಕಂಪನಿಗಳಿಗೆ 2027ರವರೆಗೆ ಸಮಯ ಕೊಟ್ಟಿದ್ದಾರೆ.

ಚಿಕ್ಕ ಮಕ್ಕಳಿಗೆ ಫೋನು ಬೇಡ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಶಾಲೆಯ ಹೋಂವರ್ಕೇ ವಾಟ್ಸಾಪಿನಲ್ಲಿ ಬರುವ ಊರಿನಲ್ಲಿ ಪೂರ್ತಿ ಬಾಗಿಲು ಹಾಕಲಾಗುವುದಿಲ್ಲ. ಕದ್ದು ಅಕೌಂಟ್ ಮಾಡಿಕೊಂಡ ಮಗುವಿಗೆ ತೊಂದರೆಯಾದಾಗ ಅದು ಹೇಳುವುದೂ ಇಲ್ಲ, ಯಾಕೆಂದರೆ ಅಕೌಂಟ್ ಇರುವುದೇ ಗುಟ್ಟು.

ಇನ್‌ಸ್ಟಾಗ್ರಾಂ ಟೀನ್ ಅಕೌಂಟ್ ನಂಬಬಹುದಾ?

2025ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂತು. ಅಕೌಂಟು ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಪರಿಚಯ ಇಲ್ಲದವರು ಮೆಸೇಜು ಕಳಿಸಲಾಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬರುವುದಿಲ್ಲ. 16ರ ಒಳಗಿನವರು ಇವನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಒಳ್ಳೆಯದೇ. ಆದರೆ ಹುಟ್ಟಿದ ಇಸವಿ ಸುಳ್ಳು ಹಾಕಿ ಅಕೌಂಟ್ ತೆರೆದಿದ್ದರೆ ಈ ಕಾವಲು ಬೀಳದೆ ಹೋಗಬಹುದು. ಎಷ್ಟೋ ಮನೆಗಳಲ್ಲಿ ಆ ಸುಳ್ಳು ಇಸವಿ ಹಾಕಿಕೊಟ್ಟವರು ನಾವೇ. ಮೊದಲು ಅದನ್ನು ಸರಿಪಡಿಸಿ. ಗೇಮುಗಳಲ್ಲಿ ಚಾಟ್, ವಾಯ್ಸ್ ಚಾಟ್ ಎರಡನ್ನೂ ಬಂದ್ ಮಾಡುವ ಅಥವಾ ಗೆಳೆಯರಿಗೆ ಮಾತ್ರ ಇಡುವ ಆಯ್ಕೆ ಇದೆಯಾ ಅಂತ ಮಗುವಿನ ಜೊತೆಯೇ ಕೂತು ಹುಡುಕಿ.

ಮಗಳ ಹತ್ತಿರ ಈ ಮಾತು ತೆಗೆಯೋದು ಹೇಗೆ? ನನಗೆ ಬಾಯಿ ಬರಲ್ಲ.

ನನಗೂ ಬರಲಿಲ್ಲ. ಎದುರು ಕೂರಿಸಿಕೊಂಡು "ನಿನ್ನ ಹತ್ತಿರ ಮಾತಾಡಬೇಕು" ಅಂದಾಗೆಲ್ಲ ಅವಳು ಕೈಕಟ್ಟಿ ಕೂತುಬಿಡುತ್ತಿದ್ದಳು. ಡಿಸೆಂಬರಿನ ಒಂದು ಭಾನುವಾರ ನೆನೆಹಾಕಿದ ಅವರೆಕಾಳು ಹಿತಕುತ್ತಾ ಇಬ್ಬರೂ ನೆಲದ ಮೇಲೆ ಕೂತಿದ್ದೆವು. ಕೈ ಒದ್ದೆ, ಫೋನ್ ಮುಟ್ಟುವ ಹಾಗಿಲ್ಲ, ಕಣ್ಣು ಬೋಗುಣಿಯ ಮೇಲೆ. ಅವಳ ಬಗ್ಗೆ ಏನೂ ಕೇಳದೆ ಅಕ್ಷಯ್ ಕುಮಾರ್ ಮಗಳ ಕತೆ ಹೇಳಿದೆ. "ಅವಳು ಹೇಳಿದಾಗ ಅವರಮ್ಮ ಬೈದ್ರಾ?" ಅಂತ ಕೇಳಿದಳು. "ಅದು ನನಗೆ ಗೊತ್ತಿಲ್ಲ. ನಾನಾಗಿದ್ರೆ ಬೈತಿರಲಿಲ್ಲ" ಅಂದೆ. ಇನ್ನೊಂದು ಹಿಡಿ ಕಾಳು ಮುಗಿಯುವವರೆಗೆ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, ಬೇಸಿಗೆ ರಜೆಯಲ್ಲಿ ಗೇಮಿನಲ್ಲಿ ಒಬ್ಬರು ಯಾವ ಸ್ಕೂಲು, ಮನೇಲಿ ಯಾರಿದ್ದಾರೆ ಅಂತ ಕೇಳುತ್ತಿದ್ದರು ಅಂದಳು. "ಸ್ಕೂಲು ಹೇಳ್ಲಿಲ್ಲ ಅಮ್ಮ. ಆದರೆ ಮೈಸೂರು ಅಂತ ಹೇಳ್ಬಿಟ್ಟೆ."

ಎದೆ ಧಸಕ್ಕೆಂದಿತು. ಎಂಟು ತಿಂಗಳು ಇದನ್ನು ಇಟ್ಟುಕೊಂಡಿದ್ದಳು. "ಸ್ಕೂಲು ಹೇಳದೇ ಇದ್ದದ್ದು ಜಾಣತನ ಮಾಡಿದೆ" ಅಂದೆ, ಅಷ್ಟು ಹೇಳಲು ನನ್ನ ಧ್ವನಿಯನ್ನು ಹಿಡಿದುಕೊಳ್ಳಬೇಕಾಯಿತು. ಕೈ ತೊಳೆದು ಬಂದು ಟ್ಯಾಬ್ ತೆರೆದೆವು. ಆ ಅಕೌಂಟ್ ಇನ್ನೂ ಅವಳ ಫ್ರೆಂಡ್ಸ್ ಪಟ್ಟಿಯಲ್ಲಿತ್ತು. ಹೆಸರು ಬರೆದುಕೊಂಡೆ, ಮೆಸೇಜುಗಳ ಸ್ಕ್ರೀನ್‌ಶಾಟ್ ಅವಳೇ ತೆಗೆದಳು, ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದೆವು. ಟ್ಯಾಬನ್ನು ಅವಳ ಕೈಗೇ ವಾಪಸ್ ಕೊಟ್ಟೆ.